ಮದ್ದೂರು ವಡೆ: ತಿಂದರೆ ರೈಲಿನಲ್ಲೇ ತಿನ್ನಬೇಕು

ಹೋದ ಭಾನುವಾರ ಬೆಂಗಳೂರಿನಿಂದ ಮಂಡ್ಯಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ಬಂದೆ. ಜೊತೆಗೆ ಮಗಳ ಮಗಳು ಇದ್ದಳು, ಎಂಟು ವರ್ಷದವಳು. ಚನ್ನಪಟ್ಟಣ ಬಿಟ್ಟಾಗಿನಿಂದ ಅವಳದು ಒಂದೇ ಮಾತು. “ಅಜ್ಜಿ, ವಡೆ ಊರು ಯಾವಾಗ ಬರುತ್ತೆ?” ಮದ್ದೂರಿನಲ್ಲಿ ರೈಲು ನಿಂತಿತು. ಬುಟ್ಟಿ ಹಿಡಿದ ಹುಡುಗನೊಬ್ಬ ನಮ್ಮ ಬೋಗಿಗೆ ಹತ್ತಿದ. “ವಡೆ ವಡೆ ವಡೇ, ಮದ್ದೂರ್ ವಡೇ...” ಕೊನೆಯ ಅಕ್ಷರವನ್ನು ಎಳೆಯುವ ಆ ರಾಗ ಇಷ್ಟು ವರ್ಷ ಆದರೂ ಹಾಗೇ ಇದೆ. “ತಗಳಿ ಅಮ್ಮ, ಬಿಸಿ ಐತೆ” ಅಂದ. ಎರಡು ವಡೆಗೆ 50 ರೂಪಾಯಿ ಕೊಟ್ಟೆ.

ಈ ವಡೆ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಮಂಡ್ಯದಿಂದ ಬೆಂಗಳೂರಿಗೆ 22 ವರ್ಷ ಪಾಸಿನ ಮೇಲೆ ಓಡಾಡಿದವಳು ನಾನು. ಬೆಳಗ್ಗೆ ಹೋಗೋದು ಚಾಮುಂಡಿ ಎಕ್ಸ್‌ಪ್ರೆಸ್, ಸಂಜೆ ಬರೋದೂ ಅದೇ ಚಾಮುಂಡಿ. ಲೇಡೀಸ್ ಬೋಗಿಯಲ್ಲಿ ನಾವು ಹೂ ಕಟ್ಟಿದ್ದೇವೆ, ಅವರೆಕಾಳು ಹಿಸುಕಿದ್ದೇವೆ, ಗೆಳತಿಯೊಬ್ಬಳ ಮಗನ ಮದುವೆಯ ಲಗ್ನಪತ್ರಿಕೆಗೆ ವಿಳಾಸವನ್ನೂ ಬರೆದಿದ್ದೇವೆ. ಸಂಬಳದ ದಿನ ಯಾರಾದರೂ ಒಬ್ಬರು ಎಲ್ಲರಿಗೂ ವಡೆ ಕೊಡಿಸುತ್ತಿದ್ದರು. ಹಾಗಾಗಿ ಮದ್ದೂರು ವಡೆ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳುವಷ್ಟು ತಿಂದಿದ್ದೇನೆ.

ಭಾನುವಾರದ ವಡೆ ಚೆನ್ನಾಗಿತ್ತು. ಅಂಗೈಯಷ್ಟು ಅಗಲ. ಅಂಚು ಒರಟು, ಅಲ್ಲಲ್ಲಿ ಸೀಳಿತ್ತು. ಅಚ್ಚಿನಲ್ಲಿ ಒತ್ತಿದ ಹಾಗೆ ದುಂಡಗೆ ನುಣ್ಣಗೆ ಇದ್ದರೆ ನನಗೆ ಅನುಮಾನ ಬರುತ್ತದೆ, ಕೈಯಲ್ಲಿ ತಟ್ಟಿದ ವಡೆ ಹಾಗಿರುವುದಿಲ್ಲ. ಬಣ್ಣ ಅಂಚಿನಲ್ಲಿ ಕಡುಗಂದು, ನಡುವೆ ಹೊಂಬಣ್ಣ. ಮುರಿದಾಗ ಟಪ್ ಅಂತ ಸದ್ದು ಬಂತು. ಈರುಳ್ಳಿಯ ತುದಿಗಳು ಹೊರಗೆ ಚಾಚಿಕೊಂಡು ಕೆಂಪಗಾಗಿದ್ದವು, ಒಳಗಿನ ಈರುಳ್ಳಿ ಮೆತ್ತಗೆ, ಸಿಹಿಯಾಗಿ ಬೆಂದಿತ್ತು. ಒಂದು ಕಡೆ ಕರಿಬೇವಿನ ಎಲೆ ಇಡಿಯಾಗಿ ಹಿಟ್ಟಿಗೆ ಅಂಟಿಕೊಂಡು ಗರಿಗರಿಯಾಗಿತ್ತು. ಖಾರ ಸರಿಯಾಗಿತ್ತು, ಮಗು ನೀರು ಕೇಳಲಿಲ್ಲ. ಎಣ್ಣೆ ಸ್ವಲ್ಪ ಜಾಸ್ತಿ ಹೀರಿತ್ತು, ಕಾಗದ ಪಾರದರ್ಶಕವಾಗಿತ್ತು. ಅದೊಂದೇ ಕೊರತೆ.

ಈ ವಡೆಯ ರುಚಿ ಹೇಳಬೇಕು ಅಂದರೆ ಮದ್ದೂರಿನ ರೈಲ್ವೆ ಸ್ಟೇಷನ್ ಕಥೆಯನ್ನೂ ಹೇಳಬೇಕು. ಇದು ಯಾವುದೋ ಮನೆಯ ಅಡುಗೆಕೋಣೆಯಿಂದ ಬಂದ ತಿಂಡಿ ಅಲ್ಲ, ಸ್ಟೇಷನ್ನಿನಲ್ಲೇ ಹುಟ್ಟಿದ್ದು.

ಬೆಂಗಳೂರು–ಮೈಸೂರು ರೈಲು ದಾರಿ ಶುರುವಾಗಿದ್ದು ಬರಗಾಲದಲ್ಲಿ. 1876ರಿಂದ 1878ರವರೆಗಿನ ಆ ದೊಡ್ಡ ಬರವನ್ನು ನಮ್ಮ ಕಡೆ ಧಾತು–ಈಶ್ವರ ಬರ ಅನ್ನುತ್ತಾರೆ, ಆ ಎರಡು ಸಂವತ್ಸರಗಳ ಹೆಸರಿನಿಂದ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಹಸಿದ ಜನಕ್ಕೆ ಕೂಲಿ ಸಿಗಲಿ ಅಂತ ಕೈಗೆತ್ತಿಕೊಂಡ ಕಾಮಗಾರಿಗಳಲ್ಲಿ ಈ ರೈಲು ದಾರಿಯ ಮಣ್ಣು ಕೆಲಸವೂ ಒಂದು. ನಮ್ಮಜ್ಜಿ ತಟ್ಟೆಯಲ್ಲಿ ಅನ್ನ ಬಿಟ್ಟರೆ ಗದರುತ್ತಿದ್ದಳು. “ಧಾತು ಬರದಲ್ಲಿ ಮಣ್ಣು ಹೊತ್ತು ಉಂಡವ್ರು ನಮ್ಮೋರು” ಅನ್ನುತ್ತಿದ್ದಳು. ಅವಳೂ ನೋಡಿದ್ದಲ್ಲ, ಅವಳಜ್ಜಿಯಿಂದ ಕೇಳಿದ್ದು. ನಾನು ದಿನಾ ಕಿಟಕಿ ಪಕ್ಕ ಕೂತು ಹೋಗುತ್ತಿದ್ದ ಆ ಏರಿ, ಹಸಿದ ಹೊಟ್ಟೆಯವರು ಮಂಕರಿಯಲ್ಲಿ ಹೊತ್ತು ಹಾಕಿದ ಮಣ್ಣು. ಅಂಥ ದಾರಿಯ ಮೇಲಿನ ಒಂದು ಸ್ಟೇಷನ್ ತಿಂಡಿಯಿಂದಲೇ ಹೆಸರು ಮಾಡಿತು ಅನ್ನೋದು ನೆನೆದರೆ ನನಗೆ ಈಗಲೂ ಗಂಟಲು ತುಂಬಿ ಬರುತ್ತದೆ.

1881ರಲ್ಲಿ ಬೆಂಗಳೂರು ಕಡೆಯಿಂದ ಒಂದೊಂದೇ ತುಂಡಾಗಿ ರೈಲು ಓಡಲು ಶುರುವಾಗಿ, 1882ರಲ್ಲಿ ಮೈಸೂರು ಮುಟ್ಟಿತು. ಆಗ ಅದು ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್. ದಾರಿ ಹಾಕಿಸಿದ್ದು ಮೈಸೂರು ಸಂಸ್ಥಾನ, ಆಮೇಲೆ ಅದನ್ನು ನಡೆಸೋಕೆ ಕಂಪನಿಗೆ ಕೊಟ್ಟರು. ಮೊದಲು ಸದರ್ನ್ ಮರಾಠಾ ರೈಲ್ವೆ, 1908ರಲ್ಲಿ ಅದು ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. 1919ರಲ್ಲಿ ಸಂಸ್ಥಾನವೇ ವಾಪಸ್ ತಗೊಂಡಿತು. 1951ರಲ್ಲಿ ದಕ್ಷಿಣ ರೈಲ್ವೆ, 2003ರಿಂದ ನೈರುತ್ಯ ರೈಲ್ವೆ. ಸ್ಟೇಷನ್ನುಗಳ ಹೆಸರೂ ಬದಲಾಗಿವೆ. ಈಗಿನ ಪಾಂಡವಪುರ ಸ್ಟೇಷನ್ ಆಗ ಫ್ರೆಂಚ್ ರಾಕ್ಸ್. ಮದ್ದೂರು ಮಾತ್ರ ಮದ್ದೂರೇ.

ವಡೆ ಹುಟ್ಟಿದ್ದು 1917ರಲ್ಲಿ. ಮದ್ದೂರು ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯ ಅನ್ನುವವರು ಒಂದು ಸಸ್ಯಾಹಾರಿ ಉಪಾಹಾರ ಕೊಠಡಿ ನಡೆಸುತ್ತಿದ್ದರು. ಹಳಬರು ಅದನ್ನು ವಿ.ಆರ್.ಆರ್. ಅಂತಲೇ ಕರೆಯುತ್ತಾರೆ, ವೆಜಿಟೇರಿಯನ್ ರಿಫ್ರೆಶ್‌ಮೆಂಟ್ ರೂಮ್. ಆಗ ರೈಲಿನಲ್ಲಿ ಅಡುಗೆ ಬೋಗಿ ಎಲ್ಲಿಂದ ಬರಬೇಕು? ಬುತ್ತಿ ಕಟ್ಟಿಕೊಂಡು ಬಾರದವರಿಗೆ ಸ್ಟೇಷನ್ನಿನ ತಿಂಡಿಯೇ ಗತಿ. ಅಲ್ಲಿ ಇಡ್ಲಿ, ಪಕೋಡ ಎಲ್ಲ ಮಾಡುತ್ತಿದ್ದರು. ಕಥೆ ಹೀಗಿದೆ: ಒಂದು ದಿನ ರೈಲು ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿತು. ಪಕೋಡ ಕರಿದು ಮುಗಿಸೋಕೆ ಹೊತ್ತಿಲ್ಲ. ಅಡುಗೆಯವರು ಕಲಸಿದ ಹಿಟ್ಟನ್ನು ಅಂಗೈಯಲ್ಲಿ ಚಪ್ಪಟೆಯಾಗಿ ತಟ್ಟಿ ಎಣ್ಣೆಗೆ ಬಿಟ್ಟರು. ಜನ ತಿಂದರು, ಚೆನ್ನಾಗಿದೆ ಅಂದರು, ಮರುದಿನವೂ ಅದನ್ನೇ ಕೇಳಿದರು.

ತಿಂಡಿಗಳ ಬಗ್ಗೆ ಇಂಥ ಕಥೆ ಬೇಕಾದಷ್ಟಿವೆ, ಎಲ್ಲವನ್ನೂ ನಂಬಬೇಕಾಗಿಲ್ಲ. ಈ ಕಥೆಯನ್ನು ನಾನು ನಂಬುತ್ತೇನೆ. ಯಾಕೆ ಅಂದರೆ ಒಲೆ ಮುಂದೆ ನಿಂತು ನೋಡಿದವಳು ನಾನು. ವಡೆ ಅಂತ ಕರೆದರೂ ಇದರಲ್ಲಿ ಉದ್ದಿನಬೇಳೆ ಇಲ್ಲ, ಕಡಲೆಬೇಳೆ ಇಲ್ಲ. ಅಂದರೆ ನೆನೆಹಾಕುವ ಹಾಗಿಲ್ಲ, ರುಬ್ಬುವ ಹಾಗಿಲ್ಲ. ಅಕ್ಕಿಹಿಟ್ಟು, ಮೈದಾ, ಚಿರೋಟಿ ರವೆ. ಎಲ್ಲ ಡಬ್ಬಿಯಲ್ಲಿ ಇರುವಂಥದ್ದೇ. ಎಷ್ಟು ಹೊತ್ತಿಗೆ ಗಿರಾಕಿ ಬಂದರೂ ಕಲಸಬಹುದು. ರೈಲು ಒಂದು ಗಂಟೆ ತಡವಾದರೆ ಹಿಟ್ಟು ಹುಳಿ ಬರುವುದಿಲ್ಲ, ಬೇಗ ಬಂದರೆ ತಟ್ಟಿ ಬಿಟ್ಟರಾಯಿತು. ಉಂಡೆ ಮಾಡಿ ಬಿಟ್ಟರೆ ಒಳಗೆ ಬೇಯೋಕೆ ಹೊತ್ತು ಬೇಕು, ತೆಳ್ಳಗೆ ತಟ್ಟಿದರೆ ಒಳಗೂ ಹೊರಗೂ ಒಟ್ಟಿಗೇ ಬೇಯುತ್ತದೆ. ಸ್ಟೇಷನ್ನಿನ ಅಡುಗೆಯವರಿಗೆ ಹೇಳಿ ಮಾಡಿಸಿದ ಲೆಕ್ಕ.

ತಿನ್ನುವವರ ಕಡೆಯಿಂದಲೂ ನೋಡಿ. ಉದ್ದಿನವಡೆಗೆ ಚಟ್ನಿ ಬೇಕು, ಸಾಂಬಾರ್ ಬೇಕು, ತಟ್ಟೆ ಬೇಕು, ಕೂರೋಕೆ ಜಾಗ ಬೇಕು. ತಣ್ಣಗಾದರೆ ರಬ್ಬರ್. ಮದ್ದೂರು ವಡೆಗೆ ಇದ್ಯಾವುದೂ ಬೇಡ. ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತೇ ತಿನ್ನಬಹುದು. ಖಾರ, ಉಪ್ಪು ಎಲ್ಲ ಅದರೊಳಗೇ ಇದೆ. ಸೋರುವುದಿಲ್ಲ, ಸೀರೆ ಮೇಲೆ ಚೆಲ್ಲುವುದಿಲ್ಲ. ಎರಡು ಗಂಟೆ ಬಿಟ್ಟು ಮೈಸೂರಿನಲ್ಲಿ ಮಕ್ಕಳಿಗೆ ಕೊಟ್ಟರೂ ಕೆಟ್ಟಿರುವುದಿಲ್ಲ. ನಮ್ಮಪ್ಪ ಬೆಂಗಳೂರಿಗೆ ಹೋದಾಗಲೆಲ್ಲ ತರುತ್ತಿದ್ದುದು ಇದನ್ನೇ. ರಾತ್ರಿ ಮಲಗಿದವರನ್ನು ಎಬ್ಬಿಸಿ ಕೊಡುತ್ತಿದ್ದರು. ಅರೆನಿದ್ದೆಯಲ್ಲಿ ತಿಂದ ಆ ತಣ್ಣಗಿನ ವಡೆಯ ರುಚಿ ಇನ್ನೂ ನಾಲಿಗೆ ಮೇಲಿದೆ. ಜೇಬಿನಿಂದ ತೆಗೆದಾಗ ಅಪ್ಪನ ಅಂಗಿಯಿಂದ ಇಂಜಿನ್ ಹೊಗೆಯ ವಾಸನೆ ಬರುತ್ತಿತ್ತು. ಅದೂ ವಡೆಯದೇ ವಾಸನೆ ಅಂತ ಬಹಳ ದಿನ ಅಂದುಕೊಂಡಿದ್ದೆ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಮದ್ದೂರು ವಡೆಯನ್ನು ಹೋಟೆಲ್ ತಿಂಡಿ ಥರ ಅಳೆಯಬಾರದು. ರೈಲಿನ ತಿಂಡಿ ಅಂತಲೇ ಅಳೆಯಬೇಕು.

ಹೋದ ವರ್ಷ ಕಾರಿನಲ್ಲಿ ಬರುವಾಗ ಹೆದ್ದಾರಿ ಪಕ್ಕದ ಒಂದು ಹೋಟೆಲಿನಲ್ಲಿ ನಿಲ್ಲಿಸಿದ್ದೆವು. ಬೋರ್ಡಿನಲ್ಲಿ ಮದ್ದೂರು ವಡೆ ಅಂತ ದೊಡ್ಡದಾಗಿ ಬರೆದಿತ್ತು. ತಟ್ಟೆಯಲ್ಲಿ ತಂದಿಟ್ಟರು. ಎರಡು ಬೆರಳು ದಪ್ಪ, ಮೇಲೆ ಬೆಣ್ಣೆ, ಪಕ್ಕದಲ್ಲಿ ನೀರು ನೀರಾದ ಕಾಯಿಚಟ್ನಿ. ಚಟ್ನಿ ತಾಗಿದ ಕಡೆ ವಡೆ ಮೆತ್ತಗಾಗಿ ಕಳಚಿಕೊಳ್ಳುತ್ತಿತ್ತು, ನಡುವೆ ಹಿಟ್ಟು ಹಸಿಹಸಿ. ಈರುಳ್ಳಿಯನ್ನು ಸಣ್ಣಗೆ ಕೊಚ್ಚಿ ಹಾಕಿದ್ದರು. ಅದು ತಪ್ಪು. ಈರುಳ್ಳಿ ಉದ್ದುದ್ದ ಇರಬೇಕು, ಅದೇ ವಡೆಯನ್ನು ಹಿಡಿದಿಡುವ ನಾರು. ಬಡಿಸಿದವರಿಗೆ ಹೇಳಿದೆ. “ಎಲ್ಲರೂ ಹೀಗೇ ಕೇಳ್ತಾರೆ ಮೇಡಂ” ಅಂದರು. ಎಲ್ಲ ಹೋಟೆಲೂ ಹೀಗೆ ಅಂತ ನಾನು ಹೇಳುವುದಿಲ್ಲ, ಮದ್ದೂರಿನ ರಸ್ತೆ ಬದಿಯಲ್ಲಿ ಚೆನ್ನಾಗಿ ಕರಿಯುವವರು ಇದ್ದಾರೆ. ಆದರೆ ಚಟ್ನಿ ಕೊಟ್ಟ ಕಡೆ ಸ್ವಲ್ಪ ಹುಷಾರಾಗಿರಿ.

ಬೆಂಗಳೂರಿನ ಬೇಕರಿಗಳಲ್ಲಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಿಗುತ್ತದಲ್ಲ, ಅದು ನಿಪ್ಪಟ್ಟಿನ ತಂಗಿ. ಕಾಫಿ ಜೊತೆ ಪರವಾಗಿಲ್ಲ. ಒಳಗಿನ ಮೆತ್ತಗಿನ ಈರುಳ್ಳಿ ಅದರಲ್ಲಿ ಇರಲು ಸಾಧ್ಯವೇ ಇಲ್ಲ, ಇದ್ದರೆ ಮೂರನೇ ದಿನಕ್ಕೆ ಹಳಸುತ್ತದೆ.

ಮನೆಯಲ್ಲಿ ಮಾಡಿದರೆ ಹೇಗೆ ಅಂತ ಕೇಳಬಹುದು. ಚೆನ್ನಾಗಿಯೇ ಬರುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪಿಗೆ ಉಪ್ಪು, ಇಂಗು ಹಾಕಿ ಮೊದಲು ಕೈಯಲ್ಲಿ ಹಿಸುಕಬೇಕು. ಈರುಳ್ಳಿ ನೀರು ಬಿಡುತ್ತದೆ, ಹಿಟ್ಟು ಕಲಸೋಕೆ ಮುಕ್ಕಾಲು ಪಾಲು ಅದೇ ಸಾಕು. ಹಿಟ್ಟುಗಳ ಮೇಲೆ ಎರಡು ಚಮಚ ಬಿಸಿ ಎಣ್ಣೆ ಚುರ್ ಅನ್ನುವ ಹಾಗೆ ಹಾಕಬೇಕು, ಗರಿ ಬರೋದು ಅದರಿಂದ. ಬಾಳೆಎಲೆಗೆ ಎಣ್ಣೆ ಸವರಿ ತಟ್ಟಿ, ಉರಿ ಹದವಾಗಿಟ್ಟು ಕರಿಯಬೇಕು. ಉರಿ ಜಾಸ್ತಿಯಾದರೆ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಗೋಡಂಬಿ ಚೂರು ಬೇಕಿದ್ದರೆ ಹಾಕಿ. ನಾನು ವರ್ಷಕ್ಕೆ ಐದಾರು ಸಲ ಮಾಡುತ್ತೇನೆ, ಮನೆಯವರೆಲ್ಲ ಮೆಚ್ಚಿ ತಿನ್ನುತ್ತಾರೆ. ಆದರೂ ನಮ್ಮವರು ಒಂದು ಮಾತು ಹೇಳುತ್ತಾರೆ: “ಇದಕ್ಕೆ ಸ್ವಲ್ಪ ಗಾಳಿ ಬೇಕಿತ್ತು.” ಸರಿಯಾದ ಮಾತು. ಕಿಟಕಿ ಗಾಳಿ ಬಡಿಯುತ್ತಾ, ಕಬ್ಬಿನ ಗದ್ದೆ ಹಿಂದಕ್ಕೆ ಓಡುತ್ತಾ ಇರಬೇಕು ಈ ವಡೆ ತಿನ್ನುವಾಗ.

ದಾರಿ ಮಾತ್ರ ಬಹಳ ಬದಲಾಗಿದೆ. 1990ರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದರು. ಆಮೇಲೆ ಜೋಡಿ ಹಳಿ ಕೆಲಸ ಶುರುವಾಯಿತು, ಅದಂತೂ ವರ್ಷಗಟ್ಟಲೆ ನಡೆಯಿತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಹೊಸ ಹಳಿಗೆ ಅಡ್ಡ ಬಂತು. ಅದನ್ನು ಒಡೆಯಲಿಲ್ಲ. 2017ರಲ್ಲಿ ಸುಮಾರು ಒಂದು ಸಾವಿರ ಟನ್ ತೂಕದ ಆ ಇಡೀ ಕಟ್ಟಡವನ್ನು ಜಾಕಿ ಕೊಟ್ಟು ಎತ್ತಿ, ನೂರು ಮೀಟರಿಗೂ ಜಾಸ್ತಿ ದೂರ ಸರಿಸಿ ಕೂರಿಸಿದರು. ಆ ದಿನಗಳಲ್ಲಿ ನಮ್ಮ ಬೋಗಿಯಲ್ಲಿ ಮಾತೆಲ್ಲ ಅದೇ. ಹಳೇ ಕಟ್ಟಡಕ್ಕೆ ಅಷ್ಟು ಮರ್ಯಾದೆ ಕೊಟ್ಟರಲ್ಲ ಅಂತ ನನಗೆ ಬಹಳ ಸಂತೋಷವಾಗಿತ್ತು. ಈಗ ವಿದ್ಯುತ್ ಇಂಜಿನ್, ಜೋಡಿ ಹಳಿ, ಕ್ರಾಸಿಂಗಿಗೆ ಕಾಯುವ ಕಷ್ಟ ಇಲ್ಲ. ಕ್ರಾಸಿಂಗ್ ಇದ್ದಾಗ ಎದುರಿನ ರೈಲು ಬರುವವರೆಗೆ ನಿಂತಿರುತ್ತಿದ್ದೆವು, ವಡೆ ಮಾರುವವರಿಗೆ ಎರಡು ಸುತ್ತು ಹೊಡೆಯಲು ಬಿಡುವು ಸಿಗುತ್ತಿತ್ತು. ಈಗ ಅವರಿಗೆ ಒಂದೆರಡು ನಿಮಿಷ. ಹತ್ತಿಕೊಂಡು ಮುಂದಿನ ಸ್ಟೇಷನ್ನಿನಲ್ಲಿ ಇಳಿಯುವವರೇ ಹೆಚ್ಚು.

ವಂದೇ ಭಾರತ್, ಶತಾಬ್ದಿ ಮದ್ದೂರಿನಲ್ಲಿ ನಿಲ್ಲುವುದಿಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಊರಿನ ಬೈಪಾಸ್ ಹಿಡಿದು ಹೋಗುತ್ತದೆ, ಕಾರಿನವರು ಮದ್ದೂರಿಗೆ ಕಾಲಿಡದೇ ಮೈಸೂರು ಸೇರುತ್ತಾರೆ. ರಸ್ತೆ ಒಳ್ಳೆಯದೇ, ಹೊತ್ತು ಉಳಿಯುತ್ತದೆ. ಆದರೆ ಊರೊಳಗಿನ ಹೋಟೆಲು, ಅಂಗಡಿಯವರ ಕಷ್ಟ ಕೇಳಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಬಸ್ಸಿನವರು, ಕಾರಿನವರು ನಿಲ್ಲಿಸುತ್ತಿದ್ದಾಗ ಎಷ್ಟು ಮನೆಗಳ ಒಲೆ ಉರಿಯುತ್ತಿತ್ತು! ಈಗ ಮದ್ದೂರಿನಲ್ಲಿ ನಿತ್ಯ ನಿಲ್ಲುವುದು ನಮ್ಮ ಪ್ಯಾಸೆಂಜರು, ಚಾಮುಂಡಿಯಂಥ ರೈಲುಗಳು. ಅದಕ್ಕೇ ಹೇಳುತ್ತಿದ್ದೇನೆ, ಅವಸರ ಇಲ್ಲದ ದಿನ ಈ ರೈಲುಗಳಲ್ಲಿ ಒಂದನ್ನು ಹತ್ತಿ.

ಹತ್ತುವುದಾದರೆ ನನ್ನ ಅನುಭವದ ಒಂದೆರಡು ಮಾತು. ಬೆಂಗಳೂರಿನಿಂದ ಬರುವಾಗ ಮದ್ದೂರು ಸುಮಾರು 75 ಕಿಲೋಮೀಟರ್. ಚನ್ನಪಟ್ಟಣ, ಶೆಟ್ಟಿಹಳ್ಳಿ, ಆಮೇಲೆ ಮದ್ದೂರು. ಚಿಲ್ಲರೆ ಕೈಯಲ್ಲಿಟ್ಟುಕೊಳ್ಳಿ, ಫೋನಿನಲ್ಲಿ ದುಡ್ಡು ಕಳಿಸುವಷ್ಟರಲ್ಲಿ ಹುಡುಗ ಇಳಿಯಬೇಕಾಗುತ್ತದೆ. ತಗೊಳ್ಳುವ ಮುಂಚೆ ವಡೆಯ ಒಂದು ಅಂಚು ಹಿಡಿದು ಎತ್ತಿ ತೋರಿಸಲು ಹೇಳಿ. ನೆಟ್ಟಗೆ ನಿಂತರೆ ತಗೊಳ್ಳಿ, ಜೋತು ಬಿದ್ದರೆ ಬೇಡ. ಬೆಳಗ್ಗೆ ಕರಿದಿದ್ದು ಸಂಜೆಗೆ ಜೋಲುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಒಂದು ಸಲ ಹಳೇ ಎಣ್ಣೆಯ ಕಮಟು ವಾಸನೆಯ ವಡೆ ಸಿಕ್ಕಿ, ಎರಡು ದಿನ ಎದೆಯುರಿ ಪಟ್ಟಿದ್ದೇನೆ. ಆಮೇಲಿನಿಂದ ಮೂಸಿ ನೋಡಿಯೇ ತಗೊಳ್ಳುವುದು. ಮಾರುವವರು ಬೇಜಾರು ಮಾಡಿಕೊಳ್ಳುವುದಿಲ್ಲ. ಒಳ್ಳೇ ಮಾಲು ಇಟ್ಟವರು ತಾವೇ ಮುರಿದು ತೋರಿಸುತ್ತಾರೆ.

ಮದ್ದೂರಿನಲ್ಲೇ ಇಳಿಯುವವರು ಇನ್ನೂ ಪುಣ್ಯವಂತರು. ಉಗ್ರನರಸಿಂಹಸ್ವಾಮಿ ದೇವಸ್ಥಾನ ನೋಡಿಕೊಂಡು, ಒಂದು ಎಳನೀರು ಕುಡಿಯಬಹುದು. ಎಳನೀರು ಮಾರುಕಟ್ಟೆಗೆ ಈ ಊರು ದೂರದೂರಕ್ಕೆ ಹೆಸರುವಾಸಿ. ಶಿವಪುರದ ಸತ್ಯಾಗ್ರಹ ಸೌಧವನ್ನೂ ನೋಡಿ ಬನ್ನಿ, 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಜಾಗ ಅದು. ವಡೆಯ ಮೇಲೆ ಎಳನೀರು ಕುಡಿದರೆ ಎಣ್ಣೆಯ ಜಿಡ್ಡು ಗಂಟಲಿನಿಂದ ಇಳಿದುಹೋಗುತ್ತದೆ. ಕಾಫಿಗಿಂತ ಇದೇ ಒಳ್ಳೇ ಜೋಡಿ ಅನ್ನುವುದು ನನ್ನ ರುಚಿ.

ಭಾನುವಾರದ ವಡೆಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದಿದ್ದು ಎಣ್ಣೆಗೆ.

ರೈಲು ಹೊರಟಿತು. ಆ ಹುಡುಗ ಬಾಗಿಲ ಬಳಿ ಬುಟ್ಟಿ ಇಳಿಸಿ, ಬಟ್ಟೆ ಸರಿಸಿ, ಉಳಿದ ವಡೆ ಎಣಿಸುತ್ತಿದ್ದ. ಕರೆದು ಕೇಳಿದೆ, “ಯಾವೂರಪ್ಪ?” “ಇಲ್ಲೇ ಮದ್ದೂರು ಅಮ್ಮ. ನಮ್ಮಪ್ಪನೂ ಇದೇ ರೈಲಲ್ಲಿ ಮಾರ್ತಿದ್ರು” ಅಂದ. ಅವರಪ್ಪನ ಕೈಯಿಂದ ನಾನು ಎಷ್ಟು ಸಲ ವಡೆ ಇಸ್ಕೊಂಡಿದ್ದೇನೋ! ಮೊಮ್ಮಗಳಿಗೆ ಈ ಮಾತು ಬಹಳ ಹಿಡಿಸಿತು. “ಹಂಗಾದ್ರೆ ಅಮ್ಮಂಗೂ ಇವರಪ್ಪನೇ ಕೊಟ್ಟಿದ್ದಾ?” ಅಂದಳು. ಇರಬಹುದು ಕಣೆ ಅಂದೆ. ಇನ್ನೆರಡು ವಡೆ ಕಟ್ಟಿಸಿಕೊಂಡೆ, ಅವಳಮ್ಮನಿಗೆ ಅಂತ.

ಹನಕೆರೆಯಲ್ಲಿ ಅವನು ಇಳಿದ. ನಾವು ಮಂಡ್ಯ ಮುಟ್ಟುವ ಹೊತ್ತಿಗೆ ನಮ್ಮ ಕಾಗದದಲ್ಲಿ ಒಂದಿಷ್ಟು ಗರಿ ಪುಡಿ, ಎರಡು ಕರಿಬೇವಿನ ಎಲೆ ಉಳಿದಿದ್ದವು. ಮೊಮ್ಮಗಳು ಬೆರಳು ಒದ್ದೆ ಮಾಡಿ ಪುಡಿಯನ್ನೆಲ್ಲ ಒತ್ತಿ ತಿಂದಳು. ಎಲೆಗಳನ್ನು ನನ್ನ ಅಂಗೈಯಲ್ಲಿಟ್ಟಳು.